ಏಳು ಬಗೆಯ ಗುಂಡು, ಒಂದು ಅಂಗಿಯ ಬಾಲ

ಇಪ್ಪತ್ತೆರಡು ವರ್ಷಗಳ ಹಿಂದೆ ಪಾಟರ್ ಕೌಂಟಿಯ ಕಾಡಂಚಿನಲ್ಲಿ ಲಮಾರ್ ಸ್ಟೋಲ್ಟ್ಸ್ ಹಾರಿಸಿದ ಒಂದೇ ಒಂದು ಗುಂಡು, ಎಂಟು ಕವಲಿನ ಗಂಡು ಜಿಂಕೆಯ ಹನ್ನೊಂದು ಪಕ್ಕೆಲುಬು, ಎರಡು ಹಿಂಗಾಲು ಮತ್ತು ಅರ್ಧ ಕೊಂಬನ್ನು ಮುರಿದು, ಜಿಂಕೆಯನ್ನು ಎತ್ತಿ ರಸ್ತೆಯಾಚೆಯ ಚರಂಡಿಗೆ ಎಸೆದು, ಅಷ್ಟಕ್ಕೂ ದಣಿಯದೆ ಮುಂದೆ ಹೋಗಿ, ಮೂರು ಗುಡ್ಡಗಳಾಚೆ ಚರ್ಚಿನ ಗಂಟೆಯನ್ನು ಒಮ್ಮೆ ಬಾರಿಸಿತು. ಗಂಟೆಯ ಸದ್ದನ್ನು ಕಿವಿಯಾರೆ ಕೇಳಿದವರು ಇದ್ದರು. ಸಾಕ್ಷಿ ಹೇಳಲು ಅವರಲ್ಲಿ ಒಬ್ಬರೂ ಈಗ ಬದುಕಿಲ್ಲ, ಅದು ಲಮಾರನ ತಪ್ಪಲ್ಲ.

ಮೊದಲ ವರ್ಷ ಈ ಕತೆ ಹೇಳಿದಾಗ ಮುರಿದ ಪಕ್ಕೆಲುಬು ನಾಲ್ಕಿದ್ದವು. ಐದನೆಯ ವರ್ಷಕ್ಕೆ ಏಳಾದವು. ಚರ್ಚಿನ ಗಂಟೆ ಸೇರಿಕೊಂಡದ್ದು ಲಮಾರ್ ನಿವೃತ್ತನಾಗಿ ಕೈಯಲ್ಲಿ ಪುರುಸೊತ್ತು ಬಂದ ಮೇಲೆ. ಆ ಜಿಂಕೆಯ ಕೊಂಬು ಹಾಕ್ ಮನೆತನದ ಬೇಟೆಮನೆಯಲ್ಲಿ ಒಲೆಯ ಮೇಲೆ ತೂಗುತ್ತಿದೆ. ಮುರಿದ ಅರ್ಧವನ್ನು ಮರಗೆಲಸದ ಅಂಟಿನಿಂದ ಕೂಡಿಸಲಾಗಿದೆ. ಅದರ ಕೆಳಗಿನ ಕುರ್ಚಿ ಲಮಾರನದು. ಬೇರೆಯವರು ಅಲ್ಲಿ ಕೂತರೆ ಅವನು ಏನೂ ಅನ್ನುವುದಿಲ್ಲ, ಎದುರು ನಿಂತು ಕತೆಯನ್ನು ಮೊದಲಿನಿಂದ ಶುರುಮಾಡುತ್ತಾನೆ. ಕುರ್ಚಿ ತಾನಾಗಿ ಖಾಲಿಯಾಗುತ್ತದೆ.

ಲಮಾರ್ ಮೂವತ್ತನಾಲ್ಕು ವರ್ಷ ಹಾಲಿನ ಟ್ಯಾಂಕರ್ ಓಡಿಸಿದವನು. ಹಾಕ್ ಮನೆಯ ಇಡಾಳನ್ನು ಮದುವೆಯಾದಂದಿನಿಂದ, ಅಂದರೆ ಮೂವತ್ತೊಂದು ವರ್ಷದಿಂದ, ಕ್ರಿಸ್‌ಮಸ್ ಮುಗಿದ ಮಾರನೆಯ ದಿನ ಚಕಮಕಿ ಕೋವಿ ಹೆಗಲಿಗೇರಿಸಿ ಹೆಂಡತಿಯ ತವರಿನವರ ಜೊತೆ ಈ ಬೇಟೆಮನೆಗೆ ಬರುತ್ತಾನೆ. ವರ್ಷದ ಆ ಕೆಲವು ವಾರ ಬೇರೆ ಕೋವಿಗೆ ಪರವಾನಗಿ ಇಲ್ಲ. ನಳಿಗೆಯ ಬಾಯಿಂದ ಮದ್ದು ಸುರಿಯಬೇಕು, ಗುಂಡು ಇಡಬೇಕು, ಕೋಲಿನಿಂದ ತುರುಕಬೇಕು, ಪಕ್ಕದ ಪುಟ್ಟ ಬಟ್ಟಲಿಗೆ ಚಿಟಿಕೆ ಮದ್ದು ಹಾಕಬೇಕು, ಆಮೇಲೆ ಚಕಮಕಿ ಕಲ್ಲು ಕಿಡಿ ಕೊಟ್ಟರೆ ದೇವರ ದಯೆ. ಇಷ್ಟೆಲ್ಲ ಆಗುವವರೆಗೆ ನಿಂತು ಕಾಯುವ ಜಿಂಕೆ ಸಿಗುವುದು ಬೇಟೆಗಾರನ ಪುಣ್ಯ, ಜಿಂಕೆಯ ಕರ್ಮ.

ಬೇಟೆಮನೆಗೆ ಒಂದು ಕಾನೂನು ಇತ್ತು. ಜಿಂಕೆಗೆ ಗುರಿಯಿಟ್ಟು ಈಡು ತಪ್ಪಿಸಿದವನ ಅಂಗಿಯ ಹಿಂಬಾಲವನ್ನು ಕುರಿಯ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿಯಿಂದ ಕತ್ತರಿಸಿ, ಅದರ ಮೇಲೆ ಹೆಸರು, ತಾರೀಖು ಮತ್ತು ತಪ್ಪಿದ ಕಾರಣವನ್ನು ಶಾಯಿಯಲ್ಲಿ ಬರೆದು ತೊಲೆಗೆ ಮೊಳೆ ಹೊಡೆಯುವುದು. ನಾಲ್ಕು ತಲೆಮಾರಿನ ಅಂಗಿಬಾಲಗಳು ಅಲ್ಲಿ ಬಾವಲಿಗಳಂತೆ ನೇತಾಡುತ್ತಿದ್ದವು. ‘ಕೆಮ್ಮು ಬಂತು.’ ‘ಕನ್ನಡಕದ ಮೇಲೆ ಹಬೆ.’ ‘ಕಾರಣವಿಲ್ಲ, ತಪ್ಪಿತು ಅಷ್ಟೆ.’ ಊರಲ್ಲಿ ಯಾರು ಎಷ್ಟು ಬೇಕಾದರೂ ಬೊಗಳೆ ಬಿಡಲಿ, ಆ ಬಟ್ಟೆಯ ಮೇಲೆ ಮಾತ್ರ ಇದುವರೆಗೆ ಯಾರೂ ಸುಳ್ಳು ಬರೆದಿರಲಿಲ್ಲ. ನಾಲ್ಕು ತಲೆಮಾರು ಕಾಪಾಡಿಕೊಂಡು ಬಂದ ಒಂದೇ ಒಂದು ಒಳ್ಳೆಯ ಅಭ್ಯಾಸ ಅದು.

ಲಮಾರನ ಕೆಂಪು-ಕಪ್ಪು ಚೌಕಳಿಯ ಉಣ್ಣೆ ಅಂಗಿಗೆ ಮಾತ್ರ ಮೂವತ್ತೊಂದು ವರ್ಷದಿಂದ ಬಾಲ ಭದ್ರವಾಗಿತ್ತು.

ಈ ಸಲ ಆ ಬಾಲಕ್ಕೆ ಎಂದೂ ಇಲ್ಲದ ಬೆಲೆ ಬಂದಿತ್ತು. ಬೇಟೆಮನೆಯ ಯಜಮಾನ ವರ್ಲ್ ಹಾಕ್, ಇಡಾಳ ಅಣ್ಣ, ಎಪ್ಪತ್ತನಾಲ್ಕು ದಾಟಿದವನು, ಎರಡೂ ಮಂಡಿ ಸೋತಿದ್ದರಿಂದ ಯಜಮಾನಿಕೆ ಬಿಡುವುದಾಗಿ ಹೇಳಿದ್ದ. ಜನವರಿ ಒಂದರ ಊಟದಲ್ಲಿ, ಹಂದಿಮಾಂಸ ಮತ್ತು ಹುಳಿಕೋಸಿನ ಮುಂದೆ, ಬೀಗದಕೈ ಮತ್ತು ಕತ್ತರಿ ಕೈ ಬದಲಾಗಬೇಕು. ಅಂಗಿಬಾಲ ಪೂರ್ತಿ ಇರುವವನಿಗೆ ಯಜಮಾನಿಕೆ. ಅಂಥವನು ಯಾರೂ ಇಲ್ಲದಿದ್ದರೆ ಕೈ ಎತ್ತಿ ಆರಿಸುವುದು. ಕೈ ಎತ್ತಿದರೆ ಗೆಲ್ಲುವುದು ವರ್ಲ್‌ನ ತಂಗಿ ನೆಟ್ಟಿ ಎಂಬುದು ಒಲೆಯ ಪಕ್ಕ ಮಲಗಿದ ನಾಯಿಗೂ ಗೊತ್ತಿತ್ತು. ಸ್ಕೂಲ್ ಬಸ್ ಓಡಿಸುವ ನೆಟ್ಟಿಯ ಹನ್ನೊಂದು ಬಾಲ ತೊಲೆಯ ಮೇಲಿದ್ದವು. ಅವಳು ತಂದ ಜಿಂಕೆಗಳು ನಲವತ್ತರ ಮೇಲಿದ್ದವು. ಅದರ ಬಗ್ಗೆ ಅವಳು ಕತೆ ಹೇಳುವುದಿಲ್ಲವಾದ್ದರಿಂದ ಲಮಾರನ ಲೆಕ್ಕದಲ್ಲಿ ಅವು ಇಲ್ಲದಂತೆಯೇ.

ಸರಿ, ಜನವರಿ ಒಂದು ಬಂತು, ಉಳಿದದ್ದು ಒಂದೇ ದಿನ. ಒಂದೇ ದಿನ ಬಾಲ ಉಳಿಸಿಕೊಂಡರೆ ಸಾಕು. ಬುದ್ಧಿವಂತನಾದವನು ಹೊಟ್ಟೆನೋವು ಎಂದು ಹಾಸಿಗೆಯಲ್ಲೇ ಬಿದ್ದುಕೊಳ್ಳುತ್ತಿದ್ದ. ಆದರೆ ವರ್ಲ್ ಬೆಳಿಗ್ಗೆ ಕಾಫಿ ಹೀರುತ್ತಾ ಬಾಂಬು ಹಾಕಿದ.

“ಲಮಾರ, ಇವತ್ತು ಕಾಡೊಳಗೆ ಆ ಒಲೆಬಂಡೆ ಹತ್ರ ನಿಂದೇ ಜಾಗ. ನೆಟ್ಟಿ, ಹುಡುಗ್ರು ಎಲ್ಲ ಕೆಳಗಿಂದ ಪೊದೆ ಬಡ್ಕೊಂಡು ಜಿಂಕೆ ಅಟ್ಕೊಂಡು ಬರ್ತಾರೆ. ನಾನು ಎದುರಿನ ದಿಬ್ಬದ ಮೇಲೆ ಬಕೆಟ್ ಬೋರಲು ಹಾಕ್ಕೊಂಡು ಕೂತು ನೋಡ್ತೀನಿ.”

‘ಹುಡುಗ್ರು’ ಎಂದರೆ ಐವತ್ತು ದಾಟಿದ ಮೂವರು ದಾಯಾದಿಗಳು. ಅವರು ತಲೆಯಾಡಿಸಿದರು.

“ನೀವ್ಯಾಕೆ ಭಾವ ಈ ಚಳೀಲಿ?” ಎಂದ ಲಮಾರ್.

“ಯಜಮಾನ ಆಗೋನ ಕೋವಿಯಿಂದ ಹೊಗೆ ಬರೋದು ಒಂದ್ಸಲನಾದ್ರೂ ಕಣ್ಣಾರೆ ನೋಡ್ಬೇಕು ಮಾರಾಯ. ಇಷ್ಟು ವರ್ಷದಲ್ಲಿ ನೋಡೇ ಇಲ್ಲ.”

“ನೋಡೋಕೆ ಪುಣ್ಯ ಬೇಕು,” ಎಂದು ನೆಟ್ಟಿ ಒಲೆಯ ಕಡೆಯಿಂದ ಹೇಳಿದಳು. ಅವಳು ಬಾಣಲೆಯಲ್ಲಿ ಹಂದಿಮಾಂಸಕ್ಕೆ ಜೋಳದ ಹಿಟ್ಟು ಕಲಸಿ ಗಟ್ಟಿ ಮಾಡಿದ ಬಿಲ್ಲೆ ಹುರಿಯುತ್ತಿದ್ದಳು, ತಿರುಗಿ ನೋಡಲಿಲ್ಲ.

ಲಮಾರ್ ತನ್ನ ಗುಳಿತಟ್ಟೆಯನ್ನು ಮೇಜಿನ ಮೇಲಿಟ್ಟ. ಪುಟ್ಟ ಕೇಕು ಬೇಯಿಸಲು ಇಡಾ ಇಟ್ಟುಕೊಂಡಿದ್ದ ತಟ್ಟೆ ಅದು. ಈಗ ಪ್ರತಿ ಗುಳಿಯಲ್ಲೂ ಒಂದೊಂದು ಬಗೆಯ ಗುಂಡು. ಇಡೀ ವರ್ಷ ಕುಳಿತು ಪುಸ್ತಕ ಓದಿ, ಭೂತಗನ್ನಡಿ ಹಿಡಿದು, ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ ಆರಿಸಿದ ಏಳು ಬಗೆ. ಮಗಳಿಗೆ ವರ ಹುಡುಕುವಾಗಲೂ ಅವನು ಅಷ್ಟು ಕಷ್ಟಪಟ್ಟಿರಲಿಲ್ಲ. ಅಳಿಯನನ್ನು ನೋಡಿದರೆ ಅದು ಗೊತ್ತಾಗುತ್ತದೆ.

ತಾಮ್ರದ್ದೊಂದಿತ್ತು, ಮಾಂಸ ತಾಗಿದೊಡನೆ ಆರು ಎಸಳಾಗಿ ಅರಳುತ್ತದಂತೆ. ಮೂತಿ ಟೊಳ್ಳಾಗಿರುವುದೊಂದು. ಕೆಂಪು ಪ್ಲಾಸ್ಟಿಕ್ ಮೂಗಿನದೊಂದು. ಉದ್ದಕ್ಕೆ, ದಪ್ಪಗೆ, ಮೈತುಂಬ ಕೊಬ್ಬು ಸವರಿಕೊಂಡು ಕೂತ ಸೀಸದ್ದೊಂದು, ಅದು ಕರಡಿಗೆ. ಅದರ ಅಣ್ಣನಂಥ ಇನ್ನೊಂದು ಎಲ್ಕ್ ಎಂಬ ಕುದುರೆಗಾತ್ರದ ಜಿಂಕೆಗೆ. ಎಲ್ಕ್ ಹೊಡೆಯಲು ಲಾಟರಿಯಲ್ಲಿ ಚೀಟಿ ಎತ್ತಬೇಕು, ಲಮಾರನ ಚೀಟಿ ಹದಿನೇಳು ವರ್ಷದಿಂದ ಬಂದಿಲ್ಲ. ಆದರೂ ಎಲ್ಕ್ ತಾನಾಗಿ ಬಂದು ‘ನನಗೊಂದು ಕೊಡಪ್ಪಾ’ ಎಂದರೆ ಇಲ್ಲವೆನ್ನಲಾಗುತ್ತದೆಯೇ?

“ನಿಂದು ಯಾವ್ದು ನೆಟ್ಟಿ?” ಲಮಾರ್ ಕೇಳಿದ, ಗೊತ್ತಿದ್ದೂ.

ನೆಟ್ಟಿ ಜೇಬಿಗೆ ಕೈ ಹಾಕಿ ಸೀಸದ ಪುಟ್ಟ ಉಂಡೆಯೊಂದನ್ನು ಮೇಜಿನ ಮೇಲೆ ಉರುಳಿಸಿದಳು. ಹಳೇ ಮನೆಯ ನೀರಿನ ಕೊಳವೆ ಕರಗಿಸಿ ಅವಳೇ ಎರಕ ಹೊಯ್ದದ್ದು. ಅದನ್ನು ಸುತ್ತಲು ಹಳೆಯ ದಿಂಬಿನ ಪಟ್ಟೆಪಟ್ಟೆ ಬಟ್ಟೆಯ ತುಂಡು, ಅದಕ್ಕೆ ಸವರಲು ಕರಡಿ ಕೊಬ್ಬು. ಮುಗಿಯಿತು.

“ಇದು ಗುಂಡಲ್ಲ, ಗೋಲಿ. ಮಕ್ಕಳಾಡೋ ಗೋಲಿ.”

“ಹೌದು ಭಾವ. ನಮ್ಮ ಜಿಂಕೆಗಳೂ ಅನಕ್ಷರಸ್ಥ ಜಿಂಕೆಗಳು. ಗುಂಡಿನ ಆಕಾರ ನೋಡಿ ಸಾಯ್ಬೇಕು ಅಂತ ಅವಕ್ಕೆ ಯಾರೂ ಹೇಳ್ಕೊಟ್ಟಿಲ್ಲ.”

ದಾಯಾದಿಗಳು ಕಾಫಿಯೊಳಗೆ ನಕ್ಕರು.

“ನಗ್ರಿ, ನಗ್ರಿ. ಈ ತಾಮ್ರದ್ದು ಇನ್ನೂರು ಗಜದಾಚೆ ಇರೋ ಹುಳಾನೂ ಬಿಡಲ್ಲ.”

“ಒಲೆಬಂಡೆ ಹತ್ರ ಇಪ್ಪತ್ತು ಹೆಜ್ಜೆ ಆಚೆ ಏನೂ ಕಾಣಲ್ಲ ಭಾವ, ಬರೀ ಪೊದೆ. ಮಿಕ್ಕ ನೂರೆಂಬತ್ತು ಗಜ ಏನ್ ಮಾಡ್ತೀರಿ, ಮನೆಗೆ ಕಟ್ಕೊಂಡ್ ಹೋಗ್ತೀರಾ?” ಅವಳು ಬಂದು ಅವನ ಕೋವಿಯ ಬಾಯಿಗೆ ಬೆರಳು ತಾಗಿಸಿದಳು. “ನಿಮ್ಮ ನಳಿಗೆ ಒಳಗಿನ ಸುರುಳಿ ಗೀರು ನಿಧಾನದ್ದು. ಐದೂವರೆ ಅಡಿಗೆ ಒಂದು ಸುತ್ತು. ಉಂಡೆಗೆ ಅಂತಲೇ ಕೊರೆದಿರೋದು. ಉದ್ದದ್ದು ಹಾಕಿದ್ರೆ ಎಸೆದ ಚಪ್ಪಲಿ ಥರ ಪಲ್ಟಿ ಹೊಡ್ಕೊಂಡು ಹೋಗುತ್ತೆ.”

“ನೀನು ಬಸ್ ಓಡ್ಸಮ್ಮ, ಬಸ್ಸು.”

“ಓಡಿಸ್ತಾನೇ ಇದ್ದೀನಿ ಭಾವ. ಮೂವತ್ತು ವರ್ಷ ಆಯ್ತು. ಬಸ್ಸಲ್ಲಿ ಕೂತ್ರೆ ಏನೇನೋ ಕಾಣುತ್ತೆ,” ಎಂದು ನೆಟ್ಟಿ ಬಾಣಲೆಯ ಕಡೆ ಹೋದಳು. ಆ ಮಾತಿಗೆ ಲಮಾರ್ ಆಗ ಗಮನ ಕೊಡಲಿಲ್ಲ.

ತಿಂಡಿ ಮುಗಿಯುವುದರೊಳಗೆ ಅವನು ನಾಲ್ಕು ಸಲ ಮನಸ್ಸು ಬದಲಿಸಿದ. ಕೆಂಪು ಮೂಗಿನದು ಬೇಡ, ಅದರ ಮುಖದಲ್ಲಿ ಗಾಂಭೀರ್ಯವಿಲ್ಲ. ಟೊಳ್ಳು ಮೂತಿಯದು ಚಳಿಗೆ ಹಿಮ ತುಂಬಿಕೊಂಡರೆ? ಕರಡಿಯ ಗುಂಡಿನಿಂದ ಜಿಂಕೆ ಹೊಡೆದರೆ ಜಿಂಕೆಗೆ ಹೆಮ್ಮೆ, ಕರಡಿಗೆ ಅವಮಾನ. ಕೊನೆಗೆ ತಾಮ್ರದ್ದೇ ಗೆದ್ದಿತು.

ಕೋವಿಗೆ ಮದ್ದು ತುಂಬುವುದೆಲ್ಲ ಹೊರಗಿನ ಜಗಲಿಯಲ್ಲಿ. ಲಮಾರ್ ಹೊರಬಂದು ಕೋವಿಯನ್ನು ಕಟಕಟೆಗೆ ಒರಗಿಸಿ, ಮದ್ದಿನ ಕೊಂಬಿನಿಂದ ಅಳತೆಬಟ್ಟಲಿಗೆ ಕಪ್ಪು ಮದ್ದನ್ನು ಕರಾರುವಾಕ್ಕಾಗಿ ಸುರಿದ. ಜಿಂಕೆಕೊಂಬಿನ ತುದಿಯನ್ನು ಕೊರೆದು ಮಾಡಿದ ಪುಟ್ಟ ಬಟ್ಟಲು ಅದು. ಆಗಲೇ ನೆಟ್ಟಿ ಬಾಗಿಲಲ್ಲಿ ಕಾಣಿಸಿಕೊಂಡು ಮುಗ್ಧೆಯಂತೆ ಕೇಳಿದಳು:

“ಅಂದಹಾಗೆ ಭಾವ, ತಾಮ್ರ ಯಾಕೆ ಅಂತ ಹೇಳ್ಲೇ ಇಲ್ಲ ನೀವು.”

ಲಮಾರ್ ಅಳತೆಬಟ್ಟಲನ್ನು ಕಟಕಟೆಯ ಮೇಲಿಟ್ಟ. ಎರಡೂ ಕೈ ಬೇಕಿದ್ದವು ಉತ್ತರಕ್ಕೆ. ತಾಮ್ರದ ಗಟ್ಟಿತನದಿಂದ ಶುರುವಾದ ಉಪನ್ಯಾಸ ಸೀಸದ ಸೋಮಾರಿತನವನ್ನು ಖಂಡಿಸಿ, ಎಸಳು ಅರಳುವ ಬಗೆಯನ್ನು ಬೆರಳುಗಳಲ್ಲಿ ಅಭಿನಯಿಸಿ, ಎಂಟು ಕವಲಿನ ಜಿಂಕೆಯ ಹತ್ತಿರ ಸ್ವಲ್ಪ ವಿಶ್ರಮಿಸಿ, ಚರ್ಚಿನ ಗಂಟೆ ಬಾರಿಸಿ ಮುಗಿಯುವಾಗ ಹದಿನಾಲ್ಕು ನಿಮಿಷವಾಗಿತ್ತು. ಅಂಗಳದಲ್ಲಿ ಇಬ್ಬರು ದಾಯಾದಿಗಳು ನಿಂತಲ್ಲೇ ಹೆಪ್ಪುಗಟ್ಟಿದ್ದರು. ಮಾತಿನ ಓಘದಲ್ಲೇ ಲಮಾರ್ ತಾಮ್ರದ ಗುಂಡಿಗೆ ಅದರ ಪ್ಲಾಸ್ಟಿಕ್ ಲಂಗ ತೊಡಿಸಿ, ನಳಿಗೆಯ ಬಾಯಿಗಿಟ್ಟು, ಕೋಲು ಹಿಡಿದು ಒತ್ತಿದ. ಗುಂಡು ಸರಸರನೆ ಇಳಿದು ತಳದಲ್ಲಿ ‘ಟಕ್’ ಎಂದು ಕೂತಿತು. ಮದ್ದಿನ ಮೇಲೆ ಗುಂಡು ಕೂತಾಗ ನಳಿಗೆಯ ಬಾಯಿಗೆ ಸರಿಯಾಗಿ ಬರಲೆಂದು ಕೋಲಿನ ಮೇಲೆ ಗುರುತಿನ ಗೀರು ಹಾಕಿಟ್ಟಿರುತ್ತಾರೆ. ಇವತ್ತು ಆ ಗೀರು ಎರಡು ಬೆರಳು ಒಳಗೇ ಇಳಿದುಹೋಗಿತ್ತು.

“ನೋಡು, ನೋಡು!” ಲಮಾರ್ ಸಂಭ್ರಮಿಸಿದ. “ಎಷ್ಟು ಆಳಕ್ಕೆ ಹೋಗಿ ಕೂತಿದೆ ನೋಡು! ನಿನ್ನ ಗೋಲಿ ಯಾವತ್ತಾದ್ರೂ ಇಷ್ಟು ಗಟ್ಟಿಯಾಗಿ ಕೂತಿದ್ಯಾ?”

ನೆಟ್ಟಿ ಕೋಲನ್ನು ನೋಡಿದಳು. ಕಟಕಟೆಯನ್ನು ನೋಡಿದಳು. ಆಮೇಲೆ ಭಾವನ ಮುಖವನ್ನು ಬಹಳ ಪ್ರೀತಿಯಿಂದ ನೋಡಿದಳು.

“ಇಲ್ಲ ಭಾವ,” ಎಂದಳು. “ಯಾವತ್ತೂ ಇಲ್ಲ.”

ಒಲೆಬಂಡೆಯ ಹತ್ತಿರ ಚಳಿ ಎಷ್ಟಿತ್ತೆಂದರೆ ಲಮಾರ್ ಬಿಟ್ಟ ಉಸಿರು ಗಡ್ಡದ ಮೇಲೆ ಬಿದ್ದು ಠಣ್ಣೆನ್ನುತ್ತಿತ್ತು. ಎದುರಿನ ದಿಬ್ಬದ ಮೇಲೆ, ಕೂಗಳತೆಯಲ್ಲಿ, ವರ್ಲ್ ಬಕೆಟ್ಟಿನ ಮೇಲೆ ಕಿತ್ತಳೆ ಬಣ್ಣದ ಕುಂಬಳಕಾಯಿಯಂತೆ ಕೂತಿದ್ದ. ಕಿವಿಯ ಮೆಷಿನ್ ಚಳಿಗೆ ಕೀರಲು ಹೊಡೆಯುತ್ತದೆಂದು ಅದನ್ನು ಸಕ್ಕರೆ ಡಬ್ಬಿಯಲ್ಲಿಟ್ಟು ಬಂದಿದ್ದ. ಅದಿಲ್ಲದೆ ಅವನ ಪಕ್ಕದಲ್ಲಿ ಫಿರಂಗಿ ಹಾರಿಸಿದರೂ ‘ಯಾರೋ ಕರೆದ ಹಾಗಾಯ್ತು’ ಎನ್ನುವಂಥ ಕಿವಿ.

ಕೆಳಗೆ ಪೊದೆಗಳಲ್ಲಿ ‘ಹೋ ಹೋ’ ಶುರುವಾಯಿತು, ಆ ಗದ್ದಲದಲ್ಲಿ ಅಟ್ಟುವವರಿಗೆ ಬೇರೆ ಸದ್ದು ಕೇಳಿಸುವಂತಿರಲಿಲ್ಲ. ಕಡ್ಡಿ ಮುರಿದ ಸದ್ದು. ಲಮಾರ್ ಕೋವಿಯ ಪಕ್ಕದ ಬಟ್ಟಲಿಗೆ ಚಿಟಿಕೆ ಮದ್ದು ಹಾಕಿ ಮುಚ್ಚಳ ಮುಚ್ಚಿದ. ಇಷ್ಟು ವರ್ಷ ಅವನು ಜಾಣತನದಿಂದ ಆರಿಸಿಕೊಂಡ ಜಾಗಗಳಲ್ಲಿ ಜಿಂಕೆ ಬಿಡಿ, ಮೊಲವೂ ಸುಳಿದಿರಲಿಲ್ಲ.

ಬಂದವು. ಮೂರು ಹೆಣ್ಣು, ಹಿಂದೆ ಒಂದು ಗಂಡು. ಗಂಡು ಇಪ್ಪತ್ತು ಹೆಜ್ಜೆ ದೂರದಲ್ಲಿ, ಪೂರ್ತಿ ಅಡ್ಡವಾಗಿ, ಫೋಟೋ ತೆಗೆಸಿಕೊಳ್ಳಲು ಬಂದ ಮದುಮಗನಂತೆ ನಿಂತಿತು. ಅಷ್ಟು ಹತ್ತಿರಕ್ಕೆ ಗುಂಡು ಯಾಕೆ, ಗುಳಿತಟ್ಟೆ ಎಸೆದಿದ್ದರೂ ಸಾಕಿತ್ತು. ಲಮಾರ್ ಕೋವಿ ಎತ್ತಿ, ಭುಜದ ಹಿಂದೆ ಗುರಿಯಿಟ್ಟು, ಕುದುರೆ ಎಳೆದ.

ಫುಸ್ಸ್.

ಬಟ್ಟಲಿನ ಮದ್ದು ಭಗ್ಗೆಂದು, ಬಿಳಿ ಹೊಗೆಯ ಉಂಡೆಯೊಂದು ಮರದ ಮೇಲಕ್ಕೆ ಏರಿತು. ಅಷ್ಟೆ. ಕೋವಿ ಭುಜಕ್ಕೆ ಒದೆಯಲಿಲ್ಲ, ನಳಿಗೆ ಗುಡುಗಲಿಲ್ಲ. ಜಿಂಕೆ ಕತ್ತು ತಿರುಗಿಸಿ ನೋಡಿತು.

ಲಮಾರ್ ಮತ್ತೆ ಬಟ್ಟಲಿಗೆ ಮದ್ದು ಹಾಕಿದ. ಗುರಿಯಿಟ್ಟ. ಫುಸ್ಸ್. ಮತ್ತೊಂದು ಹೊಗೆಯುಂಡೆ. ಈಗ ಹೆಣ್ಣು ಜಿಂಕೆಗಳೂ ಸಾಲಾಗಿ ನಿಂತು ನೋಡತೊಡಗಿದವು. ಟಿಕೆಟ್ ಇಲ್ಲದ ಆಟ. ಮೂರನೆಯ ಸಲ ಮದ್ದು ಹಾಕುವಾಗ ಅವನ ಕಣ್ಣಮುಂದೆ ಥಟ್ಟನೆ ಕಟಕಟೆ ಬಂತು. ಕಟಕಟೆಯ ಮೇಲೆ ಕೊಂಬಿನ ಅಳತೆಬಟ್ಟಲು. ಅದರ ತುಂಬ ಕರಾರುವಾಕ್ಕಾಗಿ ಅಳೆದ ಕಪ್ಪು ಮದ್ದು.

ಹೊಟ್ಟೆಯೊಳಗೆ ಏನೋ ಇಳಿಯಿತು. ಅದೂ ತಳಕ್ಕೆ ಹೋಗಿ ‘ಟಕ್’ ಎಂದು ಕೂತಿತು, ಬಹಳ ಗಟ್ಟಿಯಾಗಿ.

ಜಿಂಕೆಗಳು ಓಡಲೂ ಇಲ್ಲ. ಇನ್ನೇನೂ ನೋಡುವಂಥದ್ದಿಲ್ಲವೆಂದು ಖಾತ್ರಿಯಾದ ಮೇಲೆ ನಡೆದುಕೊಂಡು ಹೋದವು. ಗಂಡು ಕೊನೆಗೆ ಹೋಯಿತು, ಕನಿಕರದಿಂದ.

“ಬಿತ್ತಾ?” ವರ್ಲ್ ದಿಬ್ಬದಿಂದ ಊರುಗೋಲು ಬೀಸುತ್ತಾ ಕೂಗಿದ. “ಹೊಗೆ ನೋಡ್ದೆ! ಬಿತ್ತಾ?”

ಲಮಾರನ ಬಾಯಿ ಅವನ ಬುದ್ಧಿಗಿಂತ ಯಾವಾಗಲೂ ಎರಡು ಹೆಜ್ಜೆ ಮುಂದೆ. “ಬಿತ್ತು!” ಎಂದುಬಿಟ್ಟಿತು; ಕಿವುಡನಿಗೂ ತಿಳಿಯಲೆಂದು ಕೈಯೂ ಮೇಲೆದ್ದಿತು.

ಮುಂದಿನ ಒಂದೂವರೆ ಗಂಟೆ ಆರು ಜನ ಹಿಮದಲ್ಲಿ ನೆತ್ತರು ಹುಡುಕಿದರು. ಒಂದು ಹನಿ ಇಲ್ಲ, ಒಂದು ಕೂದಲಿಲ್ಲ. ಗೊರಸಿನ ಗುರುತು ಮಾತ್ರ ಅಚ್ಚುಕಟ್ಟಾಗಿ, ಸಂಜೆ ವಾಯುವಿಹಾರಕ್ಕೆ ಹೊರಟವರ ಹೆಜ್ಜೆಯಂತೆ, ಗುಡ್ಡ ಹತ್ತಿ ಹೋಗಿತ್ತು.

“ನನ್ ಗುಂಡು ಹಾಗೇ,” ಎಂದ ಲಮಾರ್. “ಎಷ್ಟು ನಯವಾಗಿ ಹೊಕ್ಕು ಹೊರಡುತ್ತೆ ಅಂದ್ರೆ ನೆತ್ತರಿಗೇ ಗೊತ್ತಾಗಲ್ಲ.”

“ಜಿಂಕೆಗೂ ಗೊತ್ತಾದ ಹಾಗಿಲ್ಲ,” ಎಂದ ಒಬ್ಬ ದಾಯಾದಿ.

“ಸಾಯಂಕಾಲದೊಳಗೆ ಗೊತ್ತಾಗುತ್ತೆ ಬಿಡು.”

ನೆಟ್ಟಿ ಎಲ್ಲರಿಗಿಂತ ಶ್ರದ್ಧೆಯಿಂದ ಹುಡುಕಿದಳು. ಪೊದೆಯ ಕೆಳಗೆ ಬಗ್ಗಿ, ಒಂದೊಂದು ಎಲೆ ತಿರುವಿ ನೋಡಿ, ಆಗಾಗ “ಇಲ್ಲೂ ಇಲ್ಲ ಭಾವ” ಎಂದು ವರದಿ ಒಪ್ಪಿಸಿದಳು. ಲಮಾರನಿಗೆ ಅವಳ ದನಿಯಲ್ಲಿ ಏನೋ ಹೆಚ್ಚಾದಂತೆ ಕೇಳಿಸಿತು. ಬೆಲ್ಲ, ಬಹುಶಃ.

ಊಟದ ಮೇಜಿಗೆ ಎಲ್ಲರೂ ಕೂತಾಗ ಹೊರಗೆ ಇನ್ನೂ ಬೆಳಕಿತ್ತು. ಹಂದಿಮಾಂಸ ಹೊಗೆಯಾಡುತ್ತಿತ್ತು, ಹುಳಿಕೋಸಿನ ವಾಸನೆ ತೊಲೆಯ ಬಾಲಗಳವರೆಗೆ ಏರಿತ್ತು. ವರ್ಲ್ ಕಿವಿಗೆ ಮೆಷಿನ್ ಸಿಕ್ಕಿಸಿಕೊಂಡು, ಬೀಗದಕೈ ಮತ್ತು ಕತ್ತರಿಯನ್ನು ತಟ್ಟೆಯ ಎರಡು ಬದಿಗಿಟ್ಟುಕೊಂಡು ಕೂತ.

“ಹೊಗೆ ನಾನು ನೋಡಿದ್ದೀನಿ. ಜಿಂಕೆ ಸಿಕ್ಕಿಲ್ಲ. ನೆತ್ತರಿಲ್ಲ, ಕೂದ್ಲಿಲ್ಲ. ಲಮಾರ, ಇದು ತಪ್ಪಿದ ಈಡು. ಎದ್ದು ತಿರುಗ್ಕೊಂಡು ನಿಲ್ಲು.”

ಲಮಾರನ ತಲೆ ಮಿಂಚಿನ ವೇಗದಲ್ಲಿ ಓಡಿತು. ಅವನ ತಲೆಯ ಮಟ್ಟಿಗೆ ಮಿಂಚಿನ ವೇಗ. ಬೇಟೆಮನೆಯ ಕಾನೂನಿನಲ್ಲಿ ಒಂದು ಕಿಂಡಿ ಇತ್ತು, ಅವನಿಗೆ ಚೆನ್ನಾಗಿ ಗೊತ್ತಿತ್ತು. ಗುಂಡು ನಳಿಗೆ ಬಿಟ್ಟು ಹೊರಡದಿದ್ದರೆ ಅದು ಈಡೇ ಅಲ್ಲ. ಈಡಲ್ಲದ ಮೇಲೆ ತಪ್ಪುವುದೆಲ್ಲಿ? ಒಂದೇ ಒಂದು ಮಾತು, ‘ಮದ್ದು ಹಾಕಲು ಮರೆತೆ’ ಎಂಬ ಮೂರು ಪದ ಹೇಳಿದರೆ ಬಾಲ ಉಳಿಯುತ್ತದೆ, ಬೀಗದಕೈ ಸಿಗುತ್ತದೆ. ಆದರೆ ಆ ಮೂರು ಪದವನ್ನು ನೆಟ್ಟಿಯ ಎದುರು ಹೇಳಬೇಕು. ಹದಿನಾಲ್ಕು ನಿಮಿಷ ತಾಮ್ರದ ಮಹಿಮೆ ಹೇಳಿದ ಅದೇ ಬಾಯಿಂದ. ಇಪ್ಪತ್ತು ವರ್ಷ ಆ ಮಾತು ಈ ಮೇಜಿನ ಮೇಲೆ ಉಪ್ಪಿನ ಡಬ್ಬಿಯ ಪಕ್ಕ ಕೂತಿರುತ್ತದೆ.

ಹೇಳಿದರೆ ಯಜಮಾನ, ನಗೆಪಾಟಲಿನ ಯಜಮಾನ. ಹೇಳದಿದ್ದರೆ ಎಲ್ಲರಂತೆ ಒಬ್ಬ ಬಾಲವಿಲ್ಲದವನು.

“ಗುಂಡಿಂದೇ ದೋಷ,” ಎಂದ ಅವನು. ಮೂರನೆಯ ದಾರಿ ಹುಡುಕುವುದರಲ್ಲಿ ಅವನು ನಿಸ್ಸೀಮ. “ಈ ತಾಮ್ರನೇ ಸರಿಯಿಲ್ಲ. ನನಗೆ ಮೊದಲಿಂದ್ಲೂ ಅನುಮಾನ ಇತ್ತು.”

“ಬೆಳಿಗ್ಗೆ ಹಾಗೆ ಕೇಳಿಸ್ಲಿಲ್ಲವಲ್ಲ,” ಎಂದ ದಾಯಾದಿ.

“ಅನುಮಾನಾನ ಬಾಯಿಬಿಟ್ಟು ಹೇಳೋಕಾಗುತ್ತಾ? ಹೋಗ್ಲಿ, ಕತ್ತರಿಸಿ ಭಾವ. ತಪ್ಪಿದೆ ಅಂದ್ಕೊಳ್ಳಿ. ಕತ್ತರಿಸಿ, ಮುಗೀಲಿ.” ಲಮಾರ್ ಎದ್ದು ತಿರುಗಿ, ಅಂಗಿಯ ಬಾಲ ಹೊರಗೆಳೆದು ನಿಂತೇಬಿಟ್ಟ.

ಮೇಜಿನ ಸುತ್ತ ಚಮಚಗಳು ನಿಂತವು. ಲಮಾರ್ ತಪ್ಪಿದೆ ಎಂದು ಒಪ್ಪಿಕೊಳ್ಳುವುದೇ? ಆ ಬೇಟೆಮನೆಯಲ್ಲಿ ಬೆಂಕಿ ಬಿದ್ದಾಗಲೂ ಅವನು ತನ್ನ ಸಿಗರೇಟಿನದಲ್ಲ, ಮಿಂಚಿನದೆಂದು ವಾದಿಸಿದ್ದವನು. ಅವತ್ತು ಆಕಾಶ ತಿಳಿಯಾಗಿತ್ತು.

“ನಿಲ್ಲಿ ಅಣ್ಣ,” ಎಂದಳು ನೆಟ್ಟಿ. ಎದ್ದು ಹೋಗಿ ತನ್ನ ಕೋಟಿನ ಜೇಬಿಗೆ ಕೈ ಹಾಕಿ, ಬಹಳ ಹುಷಾರಿನಿಂದ ಏನನ್ನೋ ತಂದು ಹುಳಿಕೋಸಿನ ಬೋಗುಣಿಯ ಪಕ್ಕ ಇಟ್ಟಳು. ಕೊಂಬಿನ ಅಳತೆಬಟ್ಟಲು. ಬಾಯಿಗೆ ದಿಂಬಿನ ಬಟ್ಟೆಯ ತುಂಡು ಕಟ್ಟಿತ್ತು. ಬಿಚ್ಚಿದಳು. ಅಂಚಿನವರೆಗೆ ಕಪ್ಪು ಮದ್ದು.

ಮೊದಲು ಅರ್ಥವಾದದ್ದು ವರ್ಲ್‌ಗೆ. ಅವನ ಹೊಟ್ಟೆ ಕುಲುಕತೊಡಗಿತು. ಆಮೇಲೆ ದಾಯಾದಿಗಳಿಗೆ. ಆ ನಗೆಗೆ ಚಾವಣಿಯ ಹಿಮ ಜಾರಿ ಅಂಗಳಕ್ಕೆ ಬಿತ್ತೆಂದು ಹೇಳುತ್ತಾರೆ; ಅದನ್ನು ನಂಬಬಹುದು.

“ಬೆಳಿಗ್ಗೆನೇ ನೋಡಿದ್ದೀಯ ನೀನು!” ಲಮಾರ್ ತಿರುಗಿದ. “ನೋಡಿಯೂ ಸುಮ್ನಿದ್ದೆ!”

“ಹೇಳ್ಬೇಕು ಅಂತಿದ್ದೆ ಭಾವ. ಆದ್ರೆ ಮಧ್ಯದಲ್ಲಿ ಮಾತಾಡೋಕೆ ನೀವು ಜಾಗ ಕೊಡ್ಲಿಲ್ಲ.”

“ಒಂದೂವರೆ ಗಂಟೆ ಹಿಮದಲ್ಲಿ ನೆತ್ತರು ಹುಡುಕಿದ್ಯಲ್ಲೇ!”

“ಚೆನ್ನಾಗಿತ್ತು,” ಎಂದಳು ನೆಟ್ಟಿ. “ಹಸಿವಾಯ್ತು.”

ವರ್ಲ್ ಕಣ್ಣೊರೆಸಿಕೊಂಡು ಕತ್ತರಿಯನ್ನು ಕೆಳಗಿಟ್ಟ. ಎಷ್ಟು ನಕ್ಕರೂ ನ್ಯಾಯ ಬಿಡುವವನಲ್ಲ ಅವನು. “ಕಾನೂನು ಕಾನೂನೇ. ಗುಂಡು ಇನ್ನೂ ನಳಿಗೆಯಲ್ಲೇ ಇದೆ. ಇದು ಈಡಲ್ಲ, ತಪ್ಪಿಲ್ಲ. ಬಾಲ ಪೂರ್ತಿ ಇದೆ. ತಗೋ ಲಮಾರ, ನೀನೇ ಯಜಮಾನ.” ಬೀಗದಕೈಯನ್ನು ಮೇಜಿನ ಮೇಲೆ ಅವನತ್ತ ತಳ್ಳಿದ.

ಲಮಾರ್ ಬೀಗದಕೈ ಎತ್ತಿಕೊಂಡ. ಹಿತ್ತಾಳೆಯದು, ತಣ್ಣಗಿತ್ತು. ಮೂವತ್ತೊಂದು ವರ್ಷ ಕಾದದ್ದು ಇದಕ್ಕೇ. ನಗು ನಿಧಾನವಾಗಿ ಇಳಿಯುತ್ತಿತ್ತು. ನಾಳೆಗೆ ಇನ್ನೂ ಇಳಿಯುತ್ತದೆ. ಒಂದೆರಡು ವರ್ಷದಲ್ಲಿ ಈ ಕತೆಯನ್ನೂ ಬೇರೆ ಥರ ಹೇಳಬಹುದು. ಮದ್ದೇ ಇಲ್ಲದೆ ಜಿಂಕೆಯನ್ನು ಕಣ್ಣೋಟದಲ್ಲೇ ತಡೆದು ನಿಲ್ಲಿಸಿದ ಲಮಾರ್. ಕೆಟ್ಟದ್ದೇನಲ್ಲ. ಅವನ ಬೆನ್ನು ಸ್ವಲ್ಪ ನೆಟ್ಟಗಾಯಿತು.

“ಶುಭವಾಗ್ಲಿ ಭಾವ,” ಎಂದು ನೆಟ್ಟಿ ಶಾಯಿಯ ಪೆನ್ನು ಮತ್ತು ಬಿಳಿ ಬಟ್ಟೆಯ ಪಟ್ಟಿಯೊಂದನ್ನು ಅವನ ತಟ್ಟೆಯ ಪಕ್ಕ ಇಟ್ಟಳು. “ಯಜಮಾನನ ಮೊದಲ ಕೆಲಸ. ಒಲೆ ಮೇಲಿರೋ ಆ ಕೊಂಬಿಗೆ ಇಷ್ಟು ವರ್ಷ ಚೀಟಿನೇ ಇಲ್ಲ. ಹೆಸರು, ತಾರೀಖು, ಗುಂಡು ಯಾವ್ದು, ತೂಕ ಎಷ್ಟು. ಬರೆದುಬಿಡಿ, ಇವತ್ತೇ ಮೊಳೆ ಹೊಡೀತೀನಿ.”

ಲಮಾರ್ ಪೆನ್ನು ತೆಗೆದುಕೊಂಡ. ಹೆಸರು ಬರೆದ. ತಾರೀಖು ಬರೆದ. ಪೆನ್ನು ಅಲ್ಲೇ ನಿಂತಿತು. ಮೇಲೆ ನಾಲ್ಕು ತಲೆಮಾರಿನ ಬಾಲಗಳು ಒಲೆಯ ಬಿಸಿಗೆ ಮೆಲ್ಲಗೆ ಅಲ್ಲಾಡುತ್ತಿದ್ದವು. ಕೆಮ್ಮು ಬಂತು. ಕನ್ನಡಕದ ಮೇಲೆ ಹಬೆ. ಕಾರಣವಿಲ್ಲ, ತಪ್ಪಿತು ಅಷ್ಟೆ.

“ಬರೀರಿ ಭಾವ. ಹನ್ನೊಂದು ಪಕ್ಕೆಲುಬು ಮುರಿದ ಗುಂಡಿನ ಹೆಸರು ಮರೆಯೋಕಾಗುತ್ತಾ?”

“ಹಳೇ ಮಾತು… ಯಾವ ಗುಂಡು ಅಂತ…”

“ಆ ವರ್ಷ ಜನವರಿ ಎಂಟು,” ಎಂದಳು ನೆಟ್ಟಿ. ದನಿಯಲ್ಲಿ ಈಗ ಬೆಲ್ಲ ಇರಲಿಲ್ಲ, ಚುಚ್ಚುವುದೂ ಇರಲಿಲ್ಲ. “ಬೆಳಿಗ್ಗೆ ಏಳೂವರೆ. ತಿರುವಿನ ಹತ್ರ. ನಿಮ್ಮ ಗಾಡಿ ಹಿಂದೆನೇ ನನ್ನ ಬಸ್ಸಿತ್ತು ಭಾವ. ಮೂವತ್ತೆಂಟು ಮಕ್ಕಳು ಕಿಟಕಿಗೆ ಮೂಗು ಒತ್ಕೊಂಡು ನೋಡ್ತಿದ್ರು. ನೀವು ಇಳಿದು, ಆ ಕಡೆ ಈ ಕಡೆ ನೋಡಿ, ಸೀಟಿನ ಹಿಂದಿಂದ ಕೋವಿ ತಗೊಂಡು ಚರಂಡಿಗೆ ಇಳಿದ್ರಿ.”

ಲಮಾರ್ ಪೆನ್ನನ್ನು ಕೆಳಗಿಟ್ಟ.

“ಇಪ್ಪತ್ತೆರಡು ವರ್ಷ ಯಾಕೆ ಹೇಳ್ಲಿಲ್ಲ?” ಲಮಾರ್ ಬಹಳ ಸಣ್ಣ ದನಿಯಲ್ಲಿ ಕೇಳಿದ.

“ವರ್ಷ ವರ್ಷ ಕತೆ ಚೆನ್ನಾಗ್ತಾ ಹೋಯ್ತು. ಗಂಟೆ ಬಂದ ವರ್ಷ ಅಂತೂ ಹೇಳ್ಬಾರ್ದು ಅನ್ನಿಸಿಬಿಡ್ತು. ಬಾಯಲ್ಲಿ ಎಷ್ಟಾದ್ರೂ ಹೇಳಿ ಭಾವ, ನಾನೇ ಕೂತು ಕೇಳ್ತೀನಿ. ಬಟ್ಟೆ ಮೇಲೆ ಬೇಡ.”

ಲಮಾರ್ ಬೀಗದಕೈಯನ್ನು ನೋಡಿದ. ಅದನ್ನು ಮೇಜಿನ ಮೇಲಿಟ್ಟು, ನೆಟ್ಟಿಯ ತಟ್ಟೆಯತ್ತ ತಳ್ಳಿದ. ಕತ್ತರಿಯನ್ನೂ ತಳ್ಳಿದ. ಹೊರಗೆ ಎಳೆದಿದ್ದ ಅಂಗಿಯ ಬಾಲವನ್ನು ಒಳಗೆ ಸಿಕ್ಕಿಸಿಕೊಳ್ಳಲು ಮರೆತಿದ್ದ, ಅದೇ ಒಳ್ಳೆಯದಾಯಿತು. ತಿರುಗಿ ನಿಂತ.

“ಅದರ ಮೇಲೆ ನೀನೇ ಬರಿ,” ಎಂದ ಒಲೆಗೆ ಮುಖಮಾಡಿ. “ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಜಿಂಕೆಗೆ ಈಡು ಹೊಡೆದಿದ್ದು ನಾನು. ಜಿಂಕೆ ಆಗಲೇ ಮಲಗಿತ್ತು. ಸತ್ತಿತ್ತು. ಎರಡು ಹೆಜ್ಜೆ ದೂರ. ಅದೂ… ಅದೂ ಮೊದಲ ಸಲ ತಪ್ಪಿತು.”

ಕತ್ತರಿ ಉಣ್ಣೆಯನ್ನು ಕಚ್ಚುವ ಸದ್ದು ಕೇಳಿಸಿತು. ನೆಟ್ಟಿ ಕತ್ತರಿಸಿದ ತುಂಡನ್ನು ಮೇಜಿನ ಮೇಲೆ ಹರಡಿ, ಪೆನ್ನು ಎತ್ತಿಕೊಂಡಳು.

“ಮತ್ತೆ ಆ ಪಕ್ಕೆಲುಬೆಲ್ಲ ಮುರಿದ ಗುಂಡು? ತೂಕ ಬರೀಬೇಕಲ್ಲ ಭಾವ.”

“ಇಪ್ಪತ್ತು ಟನ್,” ಎಂದ ಲಮಾರ್. “ಹಾಲು ತುಂಬಿತ್ತು.”